ಕುಟುಂಬದ ಊಟ: ಮಿತವ್ಯಯ, ಪೋಷಣೆ ಹಾಗೂ ಒಟ್ಟಾಗಿ ಉಣ್ಣುವ ರೂಢಿ

ಸಾಮಾನ್ಯ ಕುಟುಂಬದ ಮಾಸಿಕ ವೆಚ್ಚದಲ್ಲಿ ಆಹಾರಕ್ಕೆ ಸಲ್ಲುವ ಪಾಲು ದೊಡ್ಡದು. ವೆಚ್ಚ ಇಳಿಸಬೇಕಾದಾಗ ಅನೇಕ ಮನೆಗಳಲ್ಲಿ ಮೊದಲು ಕಡಿತವಾಗುವುದು ಬೇಳೆ, ಸೊಪ್ಪು ಮತ್ತು ಹಾಲು. ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಕೊನೆಯಲ್ಲಿ ಉಣ್ಣುವ ಗೃಹಿಣಿಯ ಪಾಲೂ ಕಡಿಮೆಯಾಗುತ್ತದೆ. ಇದನ್ನು ಉಳಿತಾಯವೆಂದು ಭಾವಿಸುವುದು ಸರಿಯಲ್ಲ. ಧಾನ್ಯ ಮತ್ತು ಕಾಳುಗಳ ಹೊಂದಾಣಿಕೆ, ಇಂಧನದ ಮಿತ ಬಳಕೆ ಹಾಗೂ ಮನೆಮಂದಿ ಒಂದೇ ಹೊತ್ತಿಗೆ ಉಣ್ಣುವ ರೂಢಿ, ಇವುಗಳಿಂದಲೇ ವೆಚ್ಚ ತಗ್ಗುತ್ತದೆ. ಸಾರ್ವಜನಿಕರ ಅನುಕೂಲಕ್ಕಾಗಿ ಈ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಧಾನ್ಯದ ಲೆಕ್ಕ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರನ್ವಯ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ಮಾಹೆಯಾನ 5 ಕಿ.ಗ್ರಾಂ ಹಾಗೂ ಅಂತ್ಯೋದಯ ಕುಟುಂಬವೊಂದಕ್ಕೆ 35 ಕಿ.ಗ್ರಾಂ ಆಹಾರಧಾನ್ಯ ಪಡೆಯುವ ಹಕ್ಕಿದೆ. 5 ಕಿ.ಗ್ರಾಂ ಎಂದರೆ ಒಬ್ಬರಿಗೆ ದಿನವೊಂದಕ್ಕೆ ಸುಮಾರು 165 ಗ್ರಾಂ. ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಇಷ್ಟು ಸಾಲದು. 2013ರ ಜುಲೈನಲ್ಲಿ ಆರಂಭವಾದ ರಾಜ್ಯದ ಅನ್ನಭಾಗ್ಯ ಯೋಜನೆಯಡಿ ನೀಡುವ ಸೌಲಭ್ಯವು ಕಾಲಕಾಲಕ್ಕೆ ಮಾರ್ಪಾಡಾಗಿರುವುದರಿಂದ, ಪ್ರಸಕ್ತ ಪ್ರಮಾಣವನ್ನು ನ್ಯಾಯಬೆಲೆ ಅಂಗಡಿಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

ಅಕ್ಕಿ ಅಗ್ಗವಾಗಿ ದೊರೆಯಿತೆಂದು ಮೂರು ಹೊತ್ತೂ ಅನ್ನವನ್ನೇ ಉಣ್ಣುವುದು ಸೂಕ್ತವಲ್ಲ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಅಥವಾ ಕಾಳು ಇರಬೇಕೆಂಬುದು ಪೋಷಣಾ ತಜ್ಞರ ಸಲಹೆ. ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವು ಕಾಳುಗಳಲ್ಲಿ ಹೇರಳವಾಗಿದ್ದು, ಎರಡೂ ಕೂಡಿದಾಗ ಸಸಾರಜನಕದ ಗುಣಮಟ್ಟ ಹೆಚ್ಚುತ್ತದೆ. ತೊಗರಿಬೇಳೆ ತುಟ್ಟಿಯಾದಾಗ ಹುರುಳಿ, ಅಲಸಂದೆ, ಹೆಸರುಕಾಳುಗಳನ್ನು ಬಳಸಬಹುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದ್ದು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸಿನಲ್ಲಿದೆ. ದಿನಕ್ಕೊಂದು ಹೊತ್ತು ಮುದ್ದೆ ಅಥವಾ ರೊಟ್ಟಿಯಿದ್ದರೆ ಒಳಿತು.

ನಮ್ಮ ಅಡುಗೆಯಲ್ಲಿರುವ ಮಿತವ್ಯಯ

ಈ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದುದು ಹೆಚ್ಚೇನಿಲ್ಲ. ಹಳೆ ಮೈಸೂರು ಭಾಗದ ಬಸ್ಸಾರನ್ನೇ ನೋಡಬಹುದು. ಕಾಳು ಮತ್ತು ಸೊಪ್ಪನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿಯ ಜೊತೆಗೆ ಒಂದು ಹಿಡಿ ಬೆಂದ ಕಾಳನ್ನೂ ರುಬ್ಬಿ ಹುಣಸೆರಸದೊಂದಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಮ್ಮೆ ಬೇಯಿಸಿದ್ದರಲ್ಲಿ ಎರಡು ಪದಾರ್ಥಗಳಾಗುತ್ತವೆ. ಬೇಯುವಾಗ ನೀರಿಗಿಳಿದ ಜೀವಸತ್ವಗಳೂ ಸಾರಿನ ಮೂಲಕ ತಟ್ಟೆಗೇ ಬರುತ್ತವೆ. ಪಲ್ಯಕ್ಕೆಂದು ಸೊಪ್ಪನ್ನು ಬೇಯಿಸಿ ನೀರನ್ನು ಚೆಲ್ಲುವವರು ಇದನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಜೊತೆಗಿನ ಶೇಂಗಾ, ಅಗಸೆ, ಗುರೆಳ್ಳು ಪುಡಿಗಳು ಮತ್ತು ಹಸಿ ಸೊಪ್ಪಿನ ಪಚಡಿ, ಕರಾವಳಿಯ ಕುಚ್ಚಲಕ್ಕಿ ಗಂಜಿ ಹಾಗೂ ಹುರುಳಿ ಸಾರು ಸಹ ಇದೇ ಬಗೆಯವು. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶವು ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾ ಅದಕ್ಕೆ ಅಡ್ಡಿಯಾಗುತ್ತವೆ. ಒಂದು ಗಂಟೆಯ ಅಂತರವಿರಲಿ.

ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಕುದಿ ಬಂದ ಕೂಡಲೇ ಉರಿ ತಗ್ಗಿಸುವುದು, ಇವುಗಳಿಂದ ಅನಿಲ ಉಳಿಯುತ್ತದೆ. ಕುದಿಯುವ ನೀರಿಗೆ ಉರಿ ಹೆಚ್ಚಿಸಿದರೆ ಆವಿ ಹೆಚ್ಚುವುದೇ ಹೊರತು ಬಿಸಿ ಏರದು. ಉಳಿದ ಅನ್ನವನ್ನು ಒಲೆಯ ಬದಿಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ವಾಡಿಕೆ, ವಿಶೇಷವಾಗಿ ಬೇಸಿಗೆಯಲ್ಲಿ, ಅಪಾಯಕಾರಿ. ಅಂತಹ ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷವು ಮರಳಿ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಫ್ರಿಜ್ ಇಲ್ಲದ ಮನೆಗಳಲ್ಲಿ ಅಳತೆಯಿಟ್ಟು ಬೇಯಿಸುವುದೇ ಲೇಸು.

ಯಾರು, ಯಾವಾಗ ಉಣ್ಣುವುದು

ಮೇಲ್ಕಂಡ ಕಾಯ್ದೆಯ ಪ್ರಕಾರ, ಪಡಿತರ ಚೀಟಿಯ ಉದ್ದೇಶಕ್ಕೆ, 18 ವರ್ಷ ಮೀರಿದ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ. ಆದರೆ ಆ ಚೀಟಿಯಿಂದ ಬಂದ ಧಾನ್ಯವನ್ನು ಬೇಯಿಸಿ, ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದುದನ್ನು ಆಕೆ ಉಣ್ಣುವ ಪದ್ಧತಿ ಅನೇಕ ಮನೆಗಳಲ್ಲಿ ಮುಂದುವರಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷ ವಯೋಮಾನದ ಮಹಿಳೆಯರ ಪೈಕಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿದೆ. ಇದಕ್ಕೆ ಕಾರಣಗಳು ಹಲವಾದರೂ, ಕೊನೆಯ ತಟ್ಟೆಯಲ್ಲಿ ಪಲ್ಯವೇ ಇರದಿರುವುದನ್ನು ಅವುಗಳಿಂದ ಹೊರಗಿಡುವಂತಿಲ್ಲ.

ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಆರಂಭಿಸಲಾಯಿತು. ಮನೆಗೊಯ್ದ ಪಡಿತರವು ಎಲ್ಲರಿಗೂ ಹಂಚಿಹೋಗಿ ಆಕೆಗೆ ದಕ್ಕುತ್ತಿರಲಿಲ್ಲ ಎಂಬುದೇ ಇದರ ಹಿನ್ನೆಲೆ. ಅಂಗನವಾಡಿಯಲ್ಲಿ ಉಂಡಳೆಂಬ ಕಾರಣಕ್ಕೆ ಮನೆಯಲ್ಲಿ ಆಕೆಯ ಊಟ ಕಡಿಮೆ ಮಾಡಬಾರದು.

ದಿನಕ್ಕೊಮ್ಮೆ, ರಾತ್ರಿಯಾದರೂ, ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಅಡುಗೆ ಮಾಡಿದವರೂ ಸೇರಿ ಎಲ್ಲರೂ ಒಟ್ಟಿಗೆ ಕುಳಿತರೆ ಪದಾರ್ಥ ಸಮನಾಗಿ ಹಂಚಿಕೆಯಾಗುತ್ತದೆ. ಒಬ್ಬೊಬ್ಬರು ಬಂದಾಗಲೂ ಸಾರು ಬಿಸಿ ಮಾಡುವ ಅನಿಲವೂ ಉಳಿಯುತ್ತದೆ. ಆ ಹೊತ್ತಿನಲ್ಲಿ ಟಿ.ವಿ., ಮೊಬೈಲ್‌ಗಳನ್ನು ದೂರವಿಡುವುದು ಅಪೇಕ್ಷಣೀಯ. ಪರೀಕ್ಷೆಯ ಅಂಕ, ಸಾಲದ ಕಂತುಗಳ ಮಾತು ಊಟದ ನಂತರಕ್ಕಿರಲಿ; ಬೈಸಿಕೊಂಡ ಮಗು ಅರ್ಧಕ್ಕೇ ಏಳುತ್ತದೆ. ಸೊಪ್ಪು ಬಿಡಿಸಿದ, ಅವರೆಕಾಳು ಸುಲಿದ ಮಕ್ಕಳು ಅದನ್ನು ಬೇಡವೆನ್ನುವುದು ವಿರಳ. ಎರಡು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬಟ್ಟಲಿದ್ದರೆ ಅದು ಎಷ್ಟು ಉಂಡಿತೆಂಬುದು ತಾಯಿಗೆ ತಿಳಿಯುತ್ತದೆ.

ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಸದಸ್ಯರ ಪಾಲಿನ ಧಾನ್ಯ ಹಂಚಿಕೆಯಾಗುವುದಿಲ್ಲವಾದ್ದರಿಂದ, ಹೊಸದಾಗಿ ಜನಿಸಿದ ಮಕ್ಕಳು ಹಾಗೂ ವಿವಾಹವಾಗಿ ಬಂದವರ ಹೆಸರು ಸೇರ್ಪಡೆಗೆ ಅರ್ಜಿ ಸಲ್ಲಿಸತಕ್ಕದ್ದು. ವಿವರಗಳಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯನ್ನು ಅಥವಾ ಶುಲ್ಕರಹಿತ ಸಹಾಯವಾಣಿ 1967ನ್ನು ಸಂಪರ್ಕಿಸಬಹುದು.