ಲಗೋರಿಯಾಟದ ಪ್ರಾಚೀನತೆ

ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದಾಗಿ ಪೇರಿಸಿ, ಅವುಗಳನ್ನು ಚೆಂಡಿನಿಂದ ಹೊಡೆದುರುಳಿಸಿ, ಎದುರುಪಕ್ಷದವರ ಏಟಿಗೆ ಸಿಕ್ಕದೆ ಮತ್ತೆ ಪೇರಿಸುವ ಲಗೋರಿಯಾಟವನ್ನು ಅರಿಯದವರು ಕನ್ನಡನಾಡಿನಲ್ಲಿ ವಿರಳ. ಶಾಲೆಯ ಅಂಗಳ, ದೇವಾಲಯದ ಹಿಂಬದಿಯ ಬಯಲು, ಸುಗ್ಗಿ ಮುಗಿದ ಮೇಲಿನ ಕಣ, ಇವೇ ಇದರ ರಂಗಸ್ಥಳಗಳು. ಈಚಿನ ವರ್ಷಗಳಲ್ಲಿ ಈ ಆಟದ ವಿಷಯವಾಗಿ ಒಂದು ಮಾತು ಬಹಳವಾಗಿ ಪ್ರಚಾರಕ್ಕೆ ಬಂದಿರುವುದು. ಇದು ಐದು ಸಾವಿರ ವರ್ಷಗಳಷ್ಟು ಹಳೆಯದು, ಶ್ರೀಕೃಷ್ಣನು ಗೋಪಬಾಲಕರೊಡನೆ ಯಮುನಾತೀರದಲ್ಲಿ ಆಡಿದುದು ಇದನ್ನೇ, ಶ್ರೀಮದ್ಭಾಗವತದಲ್ಲಿ ಇದರ ಉಲ್ಲೇಖವಿದೆ ಎಂದು ಹೇಳುವರು. ಹೀಗೆ ಹೇಳುವವರು ಸಾಮಾನ್ಯವಾಗಿ ಸ್ಕಂಧವನ್ನಾಗಲಿ ಅಧ್ಯಾಯವನ್ನಾಗಲಿ ಹೆಸರಿಸುವುದಿಲ್ಲ. ಗ್ರಂಥವನ್ನು ಬಿಚ್ಚಿ ನೋಡುವ ಶ್ರಮವನ್ನು ಒಮ್ಮೆ ವಹಿಸುವುದು ಒಳ್ಳೆಯದು.

ಭಾಗವತದಲ್ಲಿ ಬಾಲಕ್ರೀಡೆಗಳಿಗೆ ಕೊರತೆಯೇನೂ ಇಲ್ಲ. ದಶಮಸ್ಕಂಧದ 12ನೆಯ ಅಧ್ಯಾಯದಲ್ಲಿ ಗೋಪಬಾಲಕರು ಒಬ್ಬರು ಇನ್ನೊಬ್ಬರ ಬುತ್ತಿಯ ನೆಲುವನ್ನು ಕದಿಯುವರು. ಒಡೆಯನಿಗೆ ತಿಳಿಯಿತೆಂದರೆ ಅದನ್ನು ದೂರದವನ ಕಡೆಗೆ ಎಸೆಯುವರು. ಅವನು ಇನ್ನೂ ದೂರದವನಿಗೆ ಎಸೆಯುವನು. ಕಡೆಗೆ ನಗುತ್ತ ಹಿಂದಿರುಗಿಸುವರು. ಯಾವ ಶಾಲೆಯ ಹುಡುಗನೂ ಈ ಆಟವನ್ನು ಕಲಿಯಲು ಪುರಾಣವನ್ನು ಓದಬೇಕಾಗಿಲ್ಲ. 18ನೆಯ ಅಧ್ಯಾಯದಲ್ಲಿ ಬಿಲ್ವದ ಕಾಯಿಗಳನ್ನೂ ಹಿಡಿತುಂಬ ನೆಲ್ಲಿಕಾಯಿಗಳನ್ನೂ ಎಸೆದಾಡುವುದು, ಕಣ್ಣು ಕಟ್ಟಿ ಮುಟ್ಟುವುದು, ಕಪ್ಪೆಯಂತೆ ಕುಪ್ಪಳಿಸುವುದು, ರಾಜನಾಗಿ ಮೆರೆಯುವುದು, ಎಲ್ಲವೂ ಬರುವುವು. ರಾಮಕೃಷ್ಣರ ನಾಯಕತ್ವದಲ್ಲಿ ಎರಡು ಪಕ್ಷಗಳಾಗಿ ಆಡಿ, ಸೋತವರು ಗೆದ್ದವರನ್ನು ಬೆನ್ನ ಮೇಲೆ ಹೊತ್ತ ವೃತ್ತಾಂತವೂ ಅಲ್ಲಿಯೇ ಇರುವುದು. ಶ್ರೀದಾಮನನ್ನು ಸ್ವಯಂ ಶ್ರೀಕೃಷ್ಣನೇ ಹೊತ್ತನು. ಆದರೆ ಈ ಪ್ರಕರಣಗಳಲ್ಲಿ ಏಳು ಕಲ್ಲುಗಳಿಲ್ಲ, ಪೇರಿಸುವಿಕೆಯಿಲ್ಲ, ಚೆಂಡೂ ಇಲ್ಲ.

ಕಾಳಿಯಮರ್ದನದಲ್ಲಿ ಚೆಂಡು ಮಡುವಿಗೆ ಬಿದ್ದಿತಲ್ಲವೇ ಎಂದು ವಾಚಕರು ಕೇಳಬಹುದು. ಹರಿಕಥೆಯಲ್ಲಿಯೂ ಬಯಲಾಟದಲ್ಲಿಯೂ ಚೆಂಡು ಬೀಳುವುದು ದಿಟ. ಮೂಲದಲ್ಲಿಯಾದರೋ, ವಿಷಜಲವನ್ನು ಕುಡಿದು ಗೋವುಗಳೂ ಗೋಪರೂ ಪ್ರಾಣ ನೀಗಿದುದೇ ಕಾರಣ. ಕೃಷ್ಣನು ಕದಂಬವೃಕ್ಷವನ್ನೇರಿ ಧುಮುಕಿದನು. ಚೆಂಡನ್ನು ಸೇರಿಸಿದವರು ಕಥೆ ಹೇಳಿದ ಜನರು. ತಮ್ಮ ಮಕ್ಕಳ ಕೈಯಲ್ಲಿ ಚೆಂಡನ್ನು ಕಂಡವರು ದೇವರ ಕೈಗೂ ಒಂದನ್ನು ಕೊಟ್ಟರು. ಇದೇ ಬಗೆಯ ವ್ಯತ್ಯಾಸ ಮಹಾಭಾರತದಲ್ಲಿಯೂ ಉಂಟು. ದ್ರೋಣನು ದರ್ಭೆಯಂಥ ಹುಲ್ಲುಕಡ್ಡಿಗಳಿಂದ ಬಾವಿಯೊಳಗಿಂದ ಎತ್ತಿಕೊಟ್ಟುದು ಚೆಂಡೆಂದು ಎಲ್ಲರೂ ಹೇಳುವರು. ಆದಿಪರ್ವದ ಶಬ್ದ ವೀಟಾ ಎಂಬುದು. ವ್ಯಾಖ್ಯಾನಕಾರನಾದ ನೀಲಕಂಠನು ಅದನ್ನು ಗೇಣುದ್ದದ, ಜವೆಗೋದಿಯ ಆಕಾರದ ಮರದ ತುಂಡೆಂದೂ ಹುಡುಗರು ಅದನ್ನು ಕೋಲಿನಿಂದ ಚಿಮ್ಮಿಸುವರೆಂದೂ ವಿವರಿಸಿರುವನು. ಅದು ನಮ್ಮ ಚಿಣ್ಣಿದಾಂಡಿನ ಚಿಣ್ಣಿಯಲ್ಲದೆ ಬೇರೆಯಲ್ಲ.

ಕಂದುಕವೆಂಬ ಶಬ್ದವೇ ಭಾಗವತದಲ್ಲಿಲ್ಲವೆಂದು ತಿಳಿಯಬಾರದು. ತೃತೀಯಸ್ಕಂಧದಲ್ಲಿ ದೇವಹೂತಿಯು ಉಪ್ಪರಿಗೆಯ ಮೇಲೆ ಚೆಂಡಾಡುವುದನ್ನು ಕಂಡು ವಿಶ್ವಾವಸುವೆಂಬ ಗಂಧರ್ವನು ಮೋಹದಿಂದ ವಿಮಾನದಿಂದ ಉರುಳಿದನು. ಅಷ್ಟಮಸ್ಕಂಧದಲ್ಲಿ ಮೋಹಿನಿಯು ಶಿವನ ಕಣ್ಣಿಗೆ ಬೀಳುವುದೂ ಚೆಂಡಾಡುತ್ತಲೇ. ಏಳನೆಯ ಶತಮಾನದ ದಂಡಿಯು ದಶಕುಮಾರಚರಿತದಲ್ಲಿ ಸುಹ್ಮದೇಶದ ರಾಜಪುತ್ರಿ ಕಂದುಕಾವತಿಯಿಂದ ದೇವಿಯ ಮುಂದೆ ಕಂದುಕನೃತ್ಯವನ್ನೇ ಮಾಡಿಸಿ, ಚೂರ್ಣಪದ, ಗೀತಮಾರ್ಗ ಮೊದಲಾದ ಪಾರಿಭಾಷಿಕ ಶಬ್ದಗಳೊಡನೆ ಅದನ್ನು ವರ್ಣಿಸಿರುವನು. ಸಂಸ್ಕೃತಕವಿಗಳಿಗೆ ಪ್ರಿಯವಾದ ಚೆಂಡು ಇದು: ಒಬ್ಬಳೇ ತರುಣಿ, ನೋಡುವವರ ಕಣ್ಣು, ತಾಳಲಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಎರಡು ಪಕ್ಷಗಳ ಚೆಂಡಾಟವೊಂದು ವರ್ಣಿತವಾಗಿದೆ. ಅದು ಕುದುರೆಯುಳ್ಳವರ ಆಟ. ಬರಿಗಾಲಿನ ಹುಡುಗರು ಹೆಂಚಿನ ಚೂರು ಆರಿಸಿ ಆಡುವ ಆಟಕ್ಕೆ ಈ ಕುಲೀನ ಗ್ರಂಥಗಳಲ್ಲಿ ವಂಶಾವಳಿಯನ್ನು ಹುಡುಕುವುದು ವ್ಯರ್ಥ.

ಹಾಗಾದರೆ ಲಗೋರಿಯ ಚರಿತ್ರೆಗೆ ಆಧಾರವೆಲ್ಲಿ? ಆಟದೊಳಗೇ ಒಂದಿಷ್ಟು ಇರುವುದು. ಅದಕ್ಕಾಗಿ ಆಡುವ ಕ್ರಮವನ್ನು ಸಾವಕಾಶವಾಗಿ ನೋಡಬೇಕು.

ಆಟಗಾರರು ಸಮಸಂಖ್ಯೆಯ ಎರಡು ತಂಡಗಳಾಗುವರು. ಮೈದಾನದ ನಡುವೆ ದೊಡ್ಡ ಕಲ್ಲು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಏಳು ಬಿಲ್ಲೆಗಳನ್ನು ಪೇರಿಸುವರು. ಏಳೆಂಟು ಹೆಜ್ಜೆಯ ದೂರದಲ್ಲಿ ಗೆರೆ ಎಳೆದು, ಹೊಡೆಯುವ ತಂಡದ ಹುಡುಗನು ಅಲ್ಲಿಂದ ಚೆಂಡೆಸೆಯುವನು. ಸಾಮಾನ್ಯವಾಗಿ ಒಬ್ಬನಿಗೆ ಮೂರು ಎಸೆತ. ಮೂರರಲ್ಲಿಯೂ ತಪ್ಪಿದರೆ ಸರದಿ ಮುಂದಿನವನಿಗೆ. ಗುರಿ ತಪ್ಪಿದ ಚೆಂಡು ನೆಲಕ್ಕೆ ಒಮ್ಮೆ ಪುಟಿದೆದ್ದಾಗ ಹಿಂದೆ ನಿಂತ ಎದುರಾಳಿಯು ಹಿಡಿದನೆಂದರೆ ಎಸೆದವನು ಔಟಾಗುವನು. ಕಲ್ಲುಗಳು ಉರುಳಿದೊಡನೆ ಆಟದ ಸ್ವರೂಪವೇ ಬದಲಾಗುವುದು. ಇದುವರೆಗೆ ಬೇಟೆಗಾರರಾಗಿದ್ದವರು ಬೇಟೆಯಾಗುವರು. ಕಲ್ಲನ್ನು ಬೀಳಿಸಿದ ಪಕ್ಷವೇ ಅದನ್ನು ಮತ್ತೆ ಪೇರಿಸಬೇಕು. ಕಾಯುವ ಪಕ್ಷದವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತ ಅವರನ್ನು ಹೊಡೆಯಬೇಕು. ಚೆಂಡು ಕೈಯಲ್ಲಿರುವವನು ಓಡಬಾರದೆಂಬುದು ಹಲವೆಡೆಯ ನಿಯಮ. ಒಬ್ಬನು ಎದುರಾಳಿಗಳನ್ನು ತನ್ನ ಕಡೆಗೆ ಸೆಳೆಯುತ್ತ ಓಡುವನು, ಮತ್ತೊಬ್ಬನು ನುಸುಳಿ ಬಂದು ಎರಡು ಕಲ್ಲು ಇಟ್ಟು ಹಾರಿಹೋಗುವನು, ಮೂರನೆಯವನು ಇನ್ನೆರಡು. ಏಳನೆಯದನ್ನಿಟ್ಟವನು ಲಗೋರಿ ಎಂದು ಕೂಗಿದರೆ ಗೆಲುವು. ಅದಕ್ಕೆ ಮೊದಲು ಏಟು ತಿಂದರೆ ಕೆಲವೆಡೆ ತಿಂದವನೊಬ್ಬನೇ ಹೊರಗೆ. ಕೆಲವೆಡೆ ಇಡೀ ತಂಡದ ಸರದಿಯೇ ಮುಗಿಯಿತು. ಎಲ್ಲಿ ಹೊಡೆಯಬಹುದೆಂಬುದರಲ್ಲಿಯೂ ಮತಭೇದವಿದೆ: ಮೊಣಕಾಲಿನ ಕೆಳಗೆ, ಸೊಂಟದ ಕೆಳಗೆ, ಬೆನ್ನಿಗೆ ಮಾತ್ರ. ತಲೆಗೆ ಹೊಡೆಯಬಾರದೆಂಬುದನ್ನು ಎಲ್ಲರೂ ಒಪ್ಪುವರು, ಕೆಲವರು ಮರೆಯುವರು.

ಇಲ್ಲಿ ಮೊದಲು ಗಮನಕ್ಕೆ ಬರುವುದು ಸಂಖ್ಯೆ. ತಮಿಳರು ಇದನ್ನು ಏಳು ಕಲ್ಲು ಎನ್ನುವರು, ತೆಲುಗರು ಏಡು ಪೆಂಕುಲಾಟ ಎನ್ನುವರು. ರಾಜಸ್ಥಾನದ ಸತೋಲಿಯಾ ಎಂಬ ಹೆಸರಿನಲ್ಲಿಯೂ ಏಳು ಅಡಗಿರುವುದು. ಉತ್ತರದಲ್ಲಿ ಪಿಟ್ಠೂ ಎಂಬ ಹೆಸರೂ ಉಂಟು. ಲಗೋರಿ ಎಂಬ ಶಬ್ದವನ್ನು ಕನ್ನಡಿಗರೂ ಮರಾಠಿಗರೂ ಹಂಚಿಕೊಂಡಿರುವರು. ಹೆಸರುಗಳು ಪ್ರಾಂತಕ್ಕೊಂದಾಗಿ ಬೇರೆಯಾದರೂ ಏಳೆಂಬ ಸಂಖ್ಯೆ ಕದಲಲಿಲ್ಲ. ಆಟವು ಹೆಸರಿನೊಡನೆ ಸಂಚರಿಸದೆ, ಆಡುವುದನ್ನು ನೋಡಿ ಕಲಿತ ಮಕ್ಕಳ ಮೂಲಕವೇ ಹಬ್ಬಿತೆಂದು ಇದರಿಂದ ಊಹಿಸಬಹುದು. ತೆಲುಗಿನ ಪೆಂಕು ಎಂಬ ಶಬ್ದಕ್ಕೆ ಮಡಕೆಯ ಚೂರು, ಹೆಂಚಿನ ಚೂರು ಎಂದರ್ಥ. ಕುಂಬಾರನ ಮನೆಯ ಹಿತ್ತಲೇ ಆಟಿಕೆಯ ಅಂಗಡಿಯಾಗಿದ್ದ ಕಾಲದ ನೆನಪು ಆ ಹೆಸರಿನಲ್ಲಿ ಉಳಿದಿರುವುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಚಪ್ಪಟೆಯಾದ ಕೆಂಪು ಹೆಂಚು ನಾಡಿನ ಮಾಡುಗಳನ್ನೇರಿತು; ಅದರ ಒಡಕು ಚೂರುಗಳು ಅಂಗಳಕ್ಕಿಳಿದು ಲಗೋರಿಯ ಬಿಲ್ಲೆಗಳಾದವು.

ಎರಡನೆಯದು ಚೆಂಡು. ಹಳೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಹುರಿಯಿಂದ ಕಟ್ಟಿದ ಚೆಂಡು ನೆಲಕ್ಕೆ ಬಿದ್ದಲ್ಲಿಯೇ ಬೀಳುವುದು. ಒಮ್ಮೆ ಪುಟಿದುದನ್ನು ಹಿಡಿಯುವ ನಿಯಮಕ್ಕೆ ಅಂಥ ಚೆಂಡಿನಲ್ಲಿ ಅವಕಾಶವೇ ಇಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ಗಂಧಕದಿಂದ ರಬ್ಬರನ್ನು ಹದಗೊಳಿಸುವ ವಿಧಾನಕ್ಕೆ ಸ್ವಾಮ್ಯಪತ್ರವನ್ನು ಪಡೆದುದು 1844ರಲ್ಲಿ. ಅಗ್ಗದ ರಬ್ಬರಿನ ಚೆಂಡು ಬೀದಿಯ ಹುಡುಗನ ಕೈಸೇರಿದುದು ಅದಕ್ಕೂ ಬಹಳ ತಡವಾಗಿ. ಆದುದರಿಂದ ಪೇರಿಸಿ ಹೊಡೆಯುವ ಆಟವು ಎಷ್ಟೇ ಹಳೆಯದಾಗಿರಲಿ, ಪುಟಿತದ ನಿಯಮವು ಈಚಿನದೆಂದು ತೋರುವುದು. ಪ್ರಾಚೀನವೆಂದು ಕೊಂಡಾಡುವ ಆಟದೊಳಗೆ ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರವು ಸದ್ದಿಲ್ಲದೆ ಸೇರಿಕೊಂಡಿರುವುದು. ಇದರಿಂದ ಆಟದ ಗೌರವಕ್ಕೆ ಕುಂದಿಲ್ಲ. ಹುಡುಗರು ಯಾವ ಶಾಸ್ತ್ರಿಯ ಅಪ್ಪಣೆಯನ್ನೂ ಕಾಯದೆ ಹೊಸ ವಸ್ತುವಿಗೆ ತಕ್ಕ ಹೊಸ ನಿಯಮವನ್ನು ಮಾಡಿಕೊಂಡರು.

ವಾಲಿಬಾಲಿನ ಜನ್ಮಕಾಲ 1895, ಬಾಸ್ಕೆಟ್‌ಬಾಲಿನದು 1891. ಒಬ್ಬೊಬ್ಬ ಅಧ್ಯಾಪಕನು ಕುಳಿತು ಬರೆದ ಆಟಗಳಾದುದರಿಂದ ಅವುಗಳಿಗೆ ಜಾತಕವುಂಟು. ಖೋಖೋ ಆಟಕ್ಕೆ ಪುಣೆಯ ಡೆಕ್ಕನ್ ಜಿಮ್ಖಾನಾದವರು 1914ರಲ್ಲಿ ನಿಯಮಗಳನ್ನು ರಚಿಸಿದರು. ಕಬಡ್ಡಿಯು ಲಿಖಿತ ನಿಯಮಗಳ ಬಲದಿಂದ ಬೆಳೆದು 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಸೇರಿತು. ಲಗೋರಿಗೂ ಈಗ ಸಂಘಗಳು, ಸ್ಪರ್ಧೆಗಳು, ಅಚ್ಚಾದ ನಿಯಮಗಳು ಹುಟ್ಟಿಕೊಂಡಿರುವುವು. ಇದು ಸಂತೋಷದ ವಿಷಯವೇ. ಆದರೆ ಒಂದು ನಿಯಮವು ಅಚ್ಚಾಯಿತೆಂದರೆ ಉಳಿದ ನೂರು ಊರುಗಳ ನಿಯಮಗಳು ತಪ್ಪೆಂದಾಗುವುವು. ಅವುಗಳನ್ನು ಬರೆದಿಟ್ಟವರಿಲ್ಲ; ಆಡಿದವರು ಮುದುಕರಾಗುತ್ತಿರುವರು. ಐದು ಸಾವಿರ ವರ್ಷಗಳ ಕಲ್ಪಿತ ಚರಿತ್ರೆಯನ್ನು ಬಾಯಿಪಾಠ ಮಾಡುತ್ತಿರುವಾಗ ಐವತ್ತು ವರ್ಷಗಳ ನಿಜವಾದ ಚರಿತ್ರೆಯು ಕಣ್ಣೆದುರಿಗೇ ಕರಗುತ್ತಿರುವುದು. ಒಂದು ಜಿಲ್ಲೆಯಲ್ಲಿಯೇ ಎಷ್ಟು ಬಗೆಗಳಿವೆಯೆಂದು ಯಾರಾದರೂ ಎಣಿಸಿದ್ದುಂಟೇ? ಗೋಪುರವನ್ನು ಮುಗಿಸಿದವನು ಅದರ ಸುತ್ತ ಬೆರಳಿನಿಂದ ಗೆರೆ ಎಳೆಯಬೇಕೆನ್ನುವ ಬೀದಿಯೂ ಉಂಟು, ಅದನ್ನು ದಾಟಿ ಹಾರಬೇಕೆನ್ನುವ ಬೀದಿಯೂ ಉಂಟು. ಅರ್ಧ ಕಟ್ಟಿದ ಗೋಪುರವನ್ನು ಕಾಯುವವರ ಚೆಂಡೇ ಕೆಡವಿದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಹುಡುಗರು ಆಟ ನಿಲ್ಲಿಸಿ ಗಂಟೆ ಬಾರಿಸುವವರೆಗೂ ವಾದಿಸುವರು. ಮೀಮಾಂಸಕರ ಅಧಿಕರಣಗಳಲ್ಲಿಯೂ ಪೂರ್ವಪಕ್ಷ ಸಿದ್ಧಾಂತಗಳು ಇಷ್ಟು ಉತ್ಸಾಹದಿಂದ ನಡೆಯುವುದು ಸಂದೇಹ.

ಹೆಂಚಿನ ಮಾಡುಗಳು ಕಡಿಮೆಯಾದ ಊರುಗಳಲ್ಲಿ ಈಗಿನ ಮಕ್ಕಳು ಮನೆ ಕಟ್ಟುವಲ್ಲಿ ಉಳಿದ ನುಣುಪಾದ ನೆಲಗಲ್ಲಿನ ಚೂರುಗಳನ್ನು ಆರಿಸಿ ತರುವರು. ಅವು ಹೆಂಚಿನಂತೆ ಒಂದನ್ನೊಂದು ಕಚ್ಚಿ ನಿಲ್ಲುವುದಿಲ್ಲ, ಜಾರುವುವು. ಅದಕ್ಕಾಗಿ ಕೆಲವೆಡೆ ಏಳನ್ನು ಐದಕ್ಕೆ ಇಳಿಸಿಕೊಂಡು ಆಡುವರು.