ಮಾರಿದ್ದು ನೆಲವಲ್ಲ, ನೀರಿನ ದಿನ: ಖಾರ್ಗಾ ಓಯಸಿಸ್‌ನ ಬೋಕಿ ಬರಹಗಳು

ನಮ್ಮ ದಾನಶಾಸನಗಳನ್ನು ಓದಿ ಅಭ್ಯಾಸ ಇರುವವರಿಗೆ ಅದರ ಕ್ರಮ ಗೊತ್ತೇ ಇರುತ್ತೆ: ಯಾವ ಕೆರೆ, ಅದರ ಕೆಳಗೆ ಎಷ್ಟು ಮತ್ತರು ಗದ್ದೆ, ನಾಲ್ಕು ದಿಕ್ಕಿಗೆ ಎಲ್ಲೆ ಯಾವುದು. ಅಳತೆ ಭೂಮಿಯದು, ನೀರು ಅದರ ಜೊತೆ ಬರುತ್ತೆ. ಇದೇ ಕಣ್ಣಿನಿಂದ ಈಜಿಪ್ಟಿನ ಪಶ್ಚಿಮ ಮರುಭೂಮಿಯ ಐನ್ ಮನಾವಿರ್ ದಾಖಲೆಗಳನ್ನು ನೋಡಿದರೆ ಲೆಕ್ಕ ತಿರುವುಮುರುವಾಗಿದೆ. ಅಲ್ಲಿನ ಹಲವು ಕರಾರುಗಳಲ್ಲಿ ಕೈ ಬದಲಾಯಿಸಿದ್ದು ನೀರಿನ ಪಾಲು. ಅಳತೆಯೂ ದಿನದ ಲೆಕ್ಕದಲ್ಲಿ: ಇಂಥ ಒರತೆಯ ನೀರಿನಲ್ಲಿ ಇಷ್ಟು ದಿನ, ಅಥವಾ ದಿನದ ಇಷ್ಟು ಭಾಗ.

ಐನ್ ಮನಾವಿರ್ ಇರುವುದು ಖಾರ್ಗಾ ಓಯಸಿಸ್‌ನ ದಕ್ಷಿಣ ಭಾಗದಲ್ಲಿ, ದುಶ್ ಎಂಬ ಹಳೆಯ ಊರಿನ ಹತ್ತಿರ. 1990ರ ದಶಕದಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಇಲ್ಲಿ ಉತ್ಖನನ ಮಾಡಿದಾಗ ಮಣ್ಣಿಟ್ಟಿಗೆಯ ಒಸಿರಿಸ್ ಗುಡಿ, ಮನೆಗಳು ಮತ್ತು ನೂರಾರು ಬೋಕಿ ಬರಹಗಳು ಸಿಕ್ಕವು. ಬೋಕಿ ಅಂದರೆ ಒಡೆದ ಮಡಕೆಯ ಚೂರು. ಅದರ ಮೇಲೆ ಮಸಿಯಿಂದ, ಡೆಮೋಟಿಕ್ ಲಿಪಿಯಲ್ಲಿ ಬರೆದಿದ್ದಾರೆ. ಹೆಚ್ಚಿನವು ಕ್ರಿ.ಪೂ. 5ನೇ ಶತಮಾನದವು. ಆಗ ಈಜಿಪ್ಟ್ ಪರ್ಷಿಯನ್ನರ ಆಳ್ವಿಕೆಯಲ್ಲಿತ್ತು, ಹಾಗಾಗಿ ಕಾಲವನ್ನು ಹೇಳುವುದು ಅರ್ತಜೆರ್ಕ್ಸಿಸ್, ಡೇರಿಯಸ್ ಮುಂತಾದ ದೊರೆಗಳ ಆಳ್ವಿಕೆಯ ವರ್ಷದಿಂದ. ಈ ಬರಹಗಳಲ್ಲಿ ಹರಳೆಣ್ಣೆಯ ಲೆಕ್ಕವೂ ಬರುತ್ತೆ. ಮರುಭೂಮಿಯ ನಡುವೆ ಹರಳು ಬೆಳೆದು ಎಣ್ಣೆ ತೆಗೆಯುವಷ್ಟು ಬೇಸಾಯ ನಡೆದಿತ್ತು ಅನ್ನಿ.

ಈ ನೀರು ಬಂದದ್ದೆಲ್ಲಿಂದ? ಮಳೆ ಇಲ್ಲಿ ಇಲ್ಲವೆಂದೇ ಹೇಳಬೇಕು. ಸಾವಿರಾರು ವರ್ಷಗಳ ಹಿಂದೆ, ಸಹಾರಾದಲ್ಲಿ ಮಳೆ ಬೀಳುತ್ತಿದ್ದ ಕಾಲದಲ್ಲಿ ಇಂಗಿದ ನೀರು ನೂಬಿಯನ್ ಮರಳುಗಲ್ಲಿನ ಪದರಗಳಲ್ಲಿ ನಿಂತಿದೆ. ಮೊದಲು ಅದು ತನ್ನ ಒತ್ತಡದಿಂದಲೇ ಚಿಲುಮೆಯಾಗಿ ಮೇಲಕ್ಕೆ ಬರುತ್ತಿತ್ತು. ಒತ್ತಡ ತಗ್ಗಿ ಚಿಲುಮೆಗಳು ಬತ್ತಿದಾಗ ಜನ ನೀರನ್ನು ಹುಡುಕಿಕೊಂಡು ಗುಡ್ಡದ ಒಳಗೇ ಹೋದರು. ಇದೇ ಕನಾತ್: ನೀರಿರುವ ಕಲ್ಲಿನೊಳಗೆ ಸಣ್ಣ ಇಳಿಜಾರಿನಲ್ಲಿ ಕೊರೆದ ಸುರಂಗ, ಗಾಳಿಗೂ ಹೂಳು ತೆಗೆಯಲಿಕ್ಕೂ ಮೇಲಿನಿಂದ ಸಾಲಾಗಿ ಬಾವಿಗಳು. ಏತ ಬೇಡ, ಎತ್ತು ಬೇಡ. ನೀರು ತಾನಾಗಿ ಹೊಲಕ್ಕೆ ಹರಿದು ಬರುತ್ತೆ.

ಎಂಜಿನಿಯರ್ ಆಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಜ್ಯಾಮಿತಿ. ಕನಾತಿನ ಮಿತಿ ಅದರ ತಳದಲ್ಲೇ ಇದೆ. ನೀರಿನ ಮಟ್ಟ ತಳಕ್ಕಿಂತ ಕೆಳಗಿಳಿದರೆ ಹರಿವು ನಿಂತೇಬಿಡುತ್ತೆ. ಆಗ ಉಳಿಯುವ ದಾರಿ ತಳವನ್ನು ಇನ್ನಷ್ಟು ಅಗೆಯುವುದು, ಮನಾವಿರ್‌ನವರು ಮಾಡಿದ್ದೂ ಅದನ್ನೇ. ಆದರೆ ಸುರಂಗ ಕೆಳಗಿಳಿದರೆ ನೀರು ಹೊರಬೀಳುವ ಬಾಯಿಯೂ ಕೆಳಗಿಳಿಯಬೇಕು. ಬಾಯಿ ಕೆಳಗಿಳಿದರೆ ಹೊಲವೂ ಕೆಳಗೇ ಹೋಗಬೇಕು, ಯಾಕೆಂದರೆ ನೀರು ಏರು ಹತ್ತುವುದಿಲ್ಲ. ಹಸಿರು ಜಾಗ ಬದಲಾಯಿಸುತ್ತೆ. ಮೇಲಿನ ಹೊಲ ಮರಳಿನ ಪಾಲಾಗುತ್ತೆ. ಭೂಮಿಯನ್ನು ಬಿಟ್ಟು ನೀರಿಗೆ ಪತ್ರ ಬರೆದದ್ದು ಯಾಕೆ ಅಂತ ಈಗ ಹೊಳೆಯುತ್ತೆ. ನೀರು ಬರದ ನೆಲಕ್ಕೆ ಅಲ್ಲಿ ಬೆಲೆಯೇ ಇಲ್ಲ.

ರೋಮನ್ ಕಾಲದ ಸಾಕ್ಷಿ ಇದೇ ಖಾರ್ಗಾದ ಹಿಬಿಸ್ ದೇವಾಲಯದ ಹೆಬ್ಬಾಗಿಲಲ್ಲಿದೆ. ಕ್ರಿ.ಶ. 68ರಲ್ಲಿ ಈಜಿಪ್ಟಿನ ರಾಜ್ಯಪಾಲ ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರ್ ಹೊರಡಿಸಿದ ಗ್ರೀಕ್ ಆಜ್ಞಾಪತ್ರ ಅದು, 60ಕ್ಕೂ ಹೆಚ್ಚು ಸಾಲು. ಹಳೆಯ ಸರಾಸರಿ ಹಿಡಿದು ಅಂದಾಜಿನ ಕಂದಾಯ ಹಾಕಬೇಡಿ, ನೈಲ್ ಎಷ್ಟು ಏರಿತು, ಎಷ್ಟು ನೆಲ ನಿಜವಾಗಿ ನೆನೆಯಿತು ನೋಡಿ ಹಾಕಿ ಅನ್ನುವುದು ಅದರ ಒಂದು ಅಂಶ. ತಮಾಷೆ ನೋಡಿ: ಈ ಬಾಗಿಲಿಂದ ನೈಲ್ ಸುಮಾರು 200 ಕಿ.ಮೀ. ದೂರ. ಅದರ ಪ್ರವಾಹ ಇಲ್ಲಿಗೆ ಮುಟ್ಟುವುದೇ ಇಲ್ಲ. ಕಾನೂನಿನ ಮಾತು ನದಿಯದು, ಊರಿನ ಬದುಕು ಅಂತರ್ಜಲದ್ದು.

ಕ್ರಿ.ಶ. 5ನೇ ಶತಮಾನದ ಇತಿಹಾಸಕಾರ, ಥೀಬ್ಸ್‌ನ ಒಲಿಂಪಿಯೊಡೋರಸ್, ಈ ಓಯಸಿಸ್‌ಗಳಲ್ಲಿ 200, 300, ಕೆಲವೊಮ್ಮೆ 500 ಮೊಳ ಆಳದ ಬಾವಿಗಳಿದ್ದವು, ರೈತರು ಸರದಿಯಂತೆ ನೀರು ಹಾಯಿಸುತ್ತಿದ್ದರು ಎನ್ನುತ್ತಾನೆ. ಸರದಿ ಹಾಗೇ ಉಳಿದಿದೆ, ಆಳ ಮಾತ್ರ ಹೆಚ್ಚಿದೆ. 1950ರ ದಶಕದ ಕೊನೆಗೆ ಶುರುವಾದ 'ಹೊಸ ಕಣಿವೆ' ಯೋಜನೆಯಲ್ಲಿ ಯಂತ್ರದಿಂದ ಆಳವಾದ ಕೊಳವೆಬಾವಿಗಳನ್ನು ಕೊರೆದರು. ಆರಂಭದಲ್ಲಿ ನೀರು ತಾನಾಗಿ ಚಿಮ್ಮಿತು. ಬಾವಿಗಳು ಹೆಚ್ಚಿದಂತೆ ಒತ್ತಡ ಕುಸಿಯಿತು, ಹಳೆಯ ಒರತೆಗಳು ನಿಂತವು, ಪಂಪು ಬೇಕಾಯಿತು. ಕನಾತಿಗೆ ತಳದ ಮಿತಿ ಇತ್ತು. ಪಂಪಿಗೆ ಆ ಮಿತಿ ಇಲ್ಲ.

ನಮ್ಮ ಬೀದರಿನ ನೌಬಾದ್‌ನಲ್ಲೂ ಇದೇ ತಂತ್ರದ ಸುರಂಗ ಬಾವಿ ಇದೆ, ಕರೇಜ್ ಅಂತಾರೆ. ಬಹಮನಿಗಳ ಕಾಲದ್ದು, ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದದ್ದು. ತಂತ್ರ ಒಂದೇ ಆದರೂ ದೊಡ್ಡ ವ್ಯತ್ಯಾಸ ಒಂದಿದೆ: ಬೀದರಿನ ಕಲ್ಲಿಗೆ ಮುಂಗಾರು ಮತ್ತೆ ನೀರು ಕೊಡುತ್ತೆ, ಖಾರ್ಗಾದ ಕಲ್ಲಿಗೆ ಕೊಡುವವರು ಯಾರೂ ಇಲ್ಲ. ಅಲ್ಲಿ ಇರುವುದು ಇಡುಗಂಟು, ಬಡ್ಡಿ ಬರುವುದಿಲ್ಲ.

ಮನಾವಿರ್‌ನ ಕರಣಿಕ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ. ಯಾರಿಗೆ ಎಷ್ಟು ದಿನ ಎಂಬುದು ಸುಮಾರು 2400 ವರ್ಷಗಳ ನಂತರವೂ ಓದಲು ಸಿಗುತ್ತೆ. ಆದರೆ ಪಾಲು ನ್ಯಾಯವಾಗಿದ್ದ ಮಾತ್ರಕ್ಕೆ ಇಡುಗಂಟು ಉಳಿಯುವುದಿಲ್ಲ. ಒಟ್ಟು ಎಷ್ಟಿದೆ ಅಂತ ಅಳೆಯುವ ಸಾಧನ ಅವನ ಹತ್ತಿರ ಇರಲಿಲ್ಲ. ನಮ್ಮ ಹತ್ತಿರ ಇದೆ.