ಚಮಚದ ಮೇಲಿನ ಹೆಸರು

ಇತಿಹಾಸ ಅಂದರೆ ರಾಜರು ಕಟ್ಟಿಸಿದ ಗುಡಿ, ಗೆದ್ದ ಯುದ್ಧ ಅಂತ ಪಾಠ ಹೇಳಿಸಿಕೊಂಡವರು ನಾವು. ಹೆತ್ತವಳ ನೋವಿನ ಇತಿಹಾಸ ಯಾವ ಸಾಲಿಯೊಳಗೂ ಹೇಳಲಿಲ್ಲ.

ಕೂಸು ಸಿಕ್ಕಿಕೊಂಡು ಎರಡು ಮೂರು ದಿನ ಬ್ಯಾನಿ ತಿಂದರೆ, ಅದರ ತಲೆ ಒತ್ತಿ ಒತ್ತಿ ತಾಯಿಯ ಒಳಗಿನ ಮಾಂಸ ಸಾಯುತ್ತದೆ. ಸತ್ತ ಜಾಗ ತೂತಾಗುತ್ತದೆ. ಹೆರಿಗೆಯಲ್ಲಿ ಆಳವಾಗಿ ಹರಿದರೂ, ಕರುಳಿನ ಕೆಲವು ರೋಗಗಳಿಂದಲೂ ಹೀಗಾಗಬಹುದು. ಆ ತೂತು ಮಲದ ಕರುಳಿಗೂ ಯೋನಿಗೂ ನಡುವೆ ಬಿದ್ದರೆ ಗಾಳಿ, ಮಲ ಹಿಡಿತ ತಪ್ಪಿ ಯೋನಿಯಿಂದ ಬರುತ್ತವೆ. ಡಾಕ್ಟರು ಇದನ್ನು ಫಿಸ್ಟುಲಾ ಅನ್ನುತ್ತಾರೆ. ಮಂದಿ ಏನಂತಾರ? "ವಾಸನಿ ಹೊಡೀತಾಳ, ದೂರ ಕುಂಡ್ರಸ್ರಿ." ನಮ್ಮ ಕೇರಿಗೆ ಈ ಮಾತು ಹೊಸದಲ್ಲ.

ಈ ತೂತನ್ನು ಕಣ್ಣಾರೆ ನೋಡಲು ಕಲಿತದ್ದು ಯಾರ ಮೈಮೇಲೆ? 1845ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮರಿಯನ್ ಸಿಮ್ಸ್ ಎಂಬ ಡಾಕ್ಟರು ಒಂದು ಚಮಚ ಬಾಗಿಸಿ ಯೋನಿಯ ಒಳಗೆ ನೋಡಿದ. ಅವನ ಮುಂದೆ ಇದ್ದವರು ಗುಲಾಮ ಹೆಣ್ಣುಮಕ್ಕಳು: ಅನಾರ್ಕಾ, ಬೆಟ್ಸಿ, ಲೂಸಿ. ಉಳಿದವರ ಹೆಸರನ್ನು ಅವನು ಬರೆದಿಡಲೂ ಇಲ್ಲ. ಅನಾರ್ಕಾಳಿಗೆ ಮೂತ್ರದ ಕಡೆಗೂ ತೂತು, ಮಲದ ಕಡೆಗೂ ತೂತು. 1849ರವರೆಗೆ ಅವಳೊಬ್ಬಳಿಗೇ ಸುಮಾರು 30 ಆಪರೇಶನ್. ಮಂಪರಿನ ಮದ್ದು ಇಲ್ಲ. ಒಡೆಯನ ಒಪ್ಪಿಗೆ ಸಾಕಾಗಿತ್ತು!

ಚಮಚಕ್ಕೆ ಹೆಸರು ಮಾತ್ರ ಸಿಮ್ಸನದು. ಇಂದಿಗೂ ಸಿಮ್ಸ್ ಸ್ಪೆಕ್ಯುಲಮ್. ನ್ಯೂಯಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಉಪಕರಣದ ಹೆಸರು ಉಳಿಯಿತು.

ರೋಣ ತಾಲೂಕಿನ ಯಾವಗಲ್‌ನಿಂದ ಒಬ್ಬ ಹೆಣ್ಣುಮಗಳು ಈ ಬಾಧೆ ಹೊತ್ತು ದವಾಖಾನೆಗೆ ಹೋದರೆ ಅಂಥದೇ ಉಪಕರಣದಿಂದ ನೋಡುತ್ತಾರೆ. ಬೆರಳಿನಿಂದ ಮುಟ್ಟಿ ಪರೀಕ್ಷಿಸುತ್ತಾರೆ. ತೂತು ಸಣ್ಣದಿದ್ದರೆ ಯೋನಿಯೊಳಗೆ ಹತ್ತಿ ಇಟ್ಟು, ಗುದದಿಂದ ನೀಲಿ ಬಣ್ಣದ ನೀರು ಬಿಡುತ್ತಾರೆ. ಹತ್ತಿ ನೀಲಿಯಾದರೆ ತೂತು ಖರೆ. ದಾರಿ ಎಲ್ಲಿ ಹಾದಿದೆ, ಗುದದ ಸ್ನಾಯು ಹರಿದಿದೆಯೋ ಎಂದು ತಿಳಿಯಲು ಸ್ಕ್ಯಾನಿಂಗ್, ಎಂಆರ್‌ಐ ಇವೆ. ಬಹಳಷ್ಟನ್ನು ಆಪರೇಶನ್ನಿನಿಂದ ಮುಚ್ಚಬಹುದು.

1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂತು. 2008ರಲ್ಲಿ 108ರ ಗಾಡಿ ಬಂತು. ರಸ್ತೆಯ ದಾರಿ ಹತ್ತಿರವಾಯಿತು. ನಾಲಿಗೆಯ ದಾರಿ? ಅತ್ತೆಯ ಮುಂದೆ ಹೇಳಂಗಿಲ್ಲ, ಗಂಡನ ಮುಂದೆ ಹೇಳಂಗಿಲ್ಲ. ಅವಳು ಬಾಯಿ ಬಿಡದೆ ಯಾವ ಚಮಚವೂ ರೋಗ ಹಿಡಿಯಲಾರದು.

ಗೆಳೆಯರೆ, ಇದು ಶಾಪವಲ್ಲ, ಮೈಲಿಗೆಯಲ್ಲ. ತೂತು. ಕೇರಿಯಲ್ಲಿ, ಸಾಲಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿರಿ. ಹೇಳುವಾಗ ಅನಾರ್ಕಾ, ಬೆಟ್ಸಿ, ಲೂಸಿಯರ ಹೆಸರೂ ಹೇಳಿರಿ.